ಬೆರಳಿಟ್ಟರೆ ಮೂವತ್ತು ಸೆಕೆಂಡಿನ ಇಸಿಜಿ: ಕಾರ್ಡಿಯಾ ಮೊಬೈಲ್ 6ಎಲ್ ಯಾರಿಗೆ ಬೇಕು, ಯಾರಿಗೆ ಬೇಡ

ಟೆನ್ಷನ್ ಆದಾಗಲೆಲ್ಲ ಎದೆ ಢವಢವ ಹೊಡೆದುಕೊಳ್ಳುವವರಿಗೆ ಒಂದು ಕಷ್ಟವಿದೆ. ತೋರಿಸಲು ಸಾಕ್ಷಿ ಸಿಗುವುದಿಲ್ಲ. ಹೊಡೆತ ಶುರುವಾಗಿ, ಆಟೋ ಹಿಡಿದು, ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಇಸಿಜಿ ಟೇಬಲ್ ಮೇಲೆ ಮಲಗುವ ಹೊತ್ತಿಗೆ ಎಲ್ಲ ನಿಂತಿರುತ್ತದೆ. ಹತ್ತು ಸೆಕೆಂಡಿನ ಇಸಿಜಿ ನಾರ್ಮಲ್ ಬರುತ್ತದೆ. ‘ಗ್ಯಾಸ್ಟ್ರಿಕ್ ಇರಬೇಕು, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ’ ಎಂದು ಮಾತ್ರೆ ಬರೆದು ಕಳಿಸುತ್ತಾರೆ. ಮುಂದಿನ ತಿಂಗಳು ಮತ್ತೆ ಅದೇ ಆಟೋ, ಅದೇ ಚೀಟಿ.

ಈ ಅಂತರ ತುಂಬಲು ಬಂದ ಸಾಧನಗಳಲ್ಲಿ ಹೆಚ್ಚು ಹೆಸರಾದದ್ದು ಅಲೈವ್‌ಕೋರ್ ಕಂಪನಿಯ ಕಾರ್ಡಿಯಾ ಮೊಬೈಲ್. ಅದರಲ್ಲಿ ಎರಡು ಬಗೆ: ಒಂದೇ ಲೀಡ್ (ಹೃದಯದ ವಿದ್ಯುತ್ತನ್ನು ಒಂದು ದಿಕ್ಕಿನಿಂದ ನೋಡಿದ ಗೆರೆ) ತೋರಿಸುವ ಹಳೆಯದು, ಆರು ಲೀಡ್ ತೋರಿಸುವ 6ಎಲ್. ಈ ವಿಮರ್ಶೆ ಮುಖ್ಯವಾಗಿ 6ಎಲ್ ಬಗ್ಗೆ. ಅದರ ಜೊತೆಗೇ ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಸ್ಮಾರ್ಟ್ ವಾಚ್, ಬಿ.ಪಿ. ಮಿಷನ್, ಇಡೀ ದಿನದ ಇಸಿಜಿ ಬರೆಯಲು ಲ್ಯಾಬಿನವರು ಎದೆಗೆ ಕಟ್ಟಿ ಕಳಿಸುವ ಹೋಲ್ಟರ್ ಇವನ್ನೂ ಪಕ್ಕದಲ್ಲಿಟ್ಟು ನೋಡಿದ್ದೇವೆ, ಯಾಕೆಂದರೆ ಎಷ್ಟೋ ಜನಕ್ಕೆ ಬೇಕಾಗಿರುವುದು ಅವುಗಳಲ್ಲೊಂದು.

ಪೆಟ್ಟಿಗೆಯೊಳಗೆ ಏನಿದೆ

ಚೂಯಿಂಗ್ ಗಮ್ ಪ್ಯಾಕಿನಷ್ಟು ಪಟ್ಟಿ. 9 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, 24 ಗ್ರಾಂ ತೂಕ. ಮೇಲ್ಮೈಯಲ್ಲಿ ಎರಡು ಲೋಹದ ತಗಡು, ತಳದಲ್ಲಿ ಇನ್ನೊಂದು. ಪರದೆ ಇಲ್ಲ, ಸ್ವಿಚ್ಚೂ ಇಲ್ಲ. ಫೋನಿನಲ್ಲಿ ಕಾರ್ಡಿಯಾ ಆ್ಯಪ್ ತೆರೆದು, ಎರಡು ಕೈಯ ಬೆರಳನ್ನು ಮೇಲಿನ ತಗಡುಗಳ ಮೇಲೂ, ತಳದ ತಗಡನ್ನು ಎಡ ಮೊಣಕಾಲು ಅಥವಾ ಎಡ ಕಣಕಾಲಿನ ಬರಿ ಚರ್ಮದ ಮೇಲೂ ಇಟ್ಟರೆ 30 ಸೆಕೆಂಡಿನ ಗೆರೆ ಓಡುತ್ತದೆ. ಸುದ್ದಿ ಫೋನಿಗೆ ಹೋಗುವುದು ಬ್ಲೂಟೂತ್ ಮೂಲಕ. ಹಳೆಯ ಒಂದು ಲೀಡಿನದರಲ್ಲಿ ಇದೇ ಕೆಲಸವನ್ನು ಕಿವಿಗೆ ಕೇಳಿಸದ ಶಬ್ದ ಮಾಡುತ್ತದೆ, ಫೋನಿನ ಮೈಕು ಅದನ್ನು ಹಿಡಿಯುತ್ತದೆ. ಹಾಗಾಗಿ ಹಳೆಯದನ್ನು ಕೊಂಡವರು ಆ್ಯಪಿಗೆ ಮೈಕಿನ ಅನುಮತಿ ಕೊಡದಿದ್ದರೆ, ಫೋನಿನ ದಪ್ಪ ಕವರು ಮೈಕನ್ನು ಮುಚ್ಚಿದ್ದರೆ, ಅಥವಾ ಪಟ್ಟಿಯನ್ನು ಫೋನಿನಿಂದ ಒಂದಡಿಗಿಂತ ದೂರ ಹಿಡಿದರೆ ‘ಮಿಷನ್ ಕೆಟ್ಟಿದೆ’ ಎನ್ನುವ ತೀರ್ಮಾನಕ್ಕೆ ಬರುತ್ತಾರೆ. ಕೆಟ್ಟಿರುವುದಿಲ್ಲ.

ಇದರ ಹಿಂದಿನ ಲೆಕ್ಕ ನೂರು ವರ್ಷಕ್ಕೂ ಹಳೆಯದು. ವಿಲ್ಲೆಂ ಐಂಟೋವನ್ ತನ್ನ ಇಸಿಜಿ ಯಂತ್ರಕ್ಕಾಗಿ 1924ರಲ್ಲಿ ನೊಬೆಲ್ ಪಡೆದ. ಆ ಕಾಲದ ಚಿತ್ರಗಳಲ್ಲಿ ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂತಿರುವುದು ಕಾಣುತ್ತದೆ. ಬಲಗೈ, ಎಡಗೈ, ಎಡಗಾಲು: ಅದೇ ತ್ರಿಕೋನ. 6ಎಲ್ ಆ ಪಾತ್ರೆಗಳ ಬದಲು ಮೂರು ತಗಡು ಇಟ್ಟಿದೆ, ಅಷ್ಟೆ. ಮೂರು ಬಿಂದುಗಳಿಂದ 1, 2, 3, ಎವಿಆರ್, ಎವಿಎಲ್, ಎವಿಎಫ್ ಎಂಬ ಆರು ಲೀಡ್ ಸಿಗುತ್ತವೆ. ಆಸ್ಪತ್ರೆಯ ಹನ್ನೆರಡು ಲೀಡಿನಲ್ಲಿ ಉಳಿದ ಆರು ಎದೆಯ ಮೇಲೆ ಅಂಟಿಸುವವು. ಆ ಆರು ಇಲ್ಲಿ ಇಲ್ಲ. ಈ ಒಂದು ಮಾತನ್ನು ಮುಂದೆ ಮತ್ತೆ ಎತ್ತಿಕೊಳ್ಳಬೇಕಾಗುತ್ತದೆ.

ಒಂದು ಲೀಡಿಗಿಂತ ಆರು ಯಾಕೆ ಮೇಲು? ಹೃದಯದ ಮೇಲ್ಕೋಣೆ ಬಡಿದದ್ದನ್ನು ಹೇಳುವ ‘ಪಿ’ ಅಲೆ, ಆ ಸಣ್ಣ ಗುಬುಟು, ಎರಡನೇ ಲೀಡಿನಲ್ಲಿ ಚೆನ್ನಾಗಿ ಕಾಣುತ್ತದೆ. ವಾಚುಗಳಲ್ಲಿ, ಹಳೆಯ ಕಾರ್ಡಿಯಾದಲ್ಲಿ ಸಿಗುವುದು ಮೊದಲನೇ ಲೀಡ್ ಮಾತ್ರ. ಅಲ್ಲಿ ಪಿ ಅಲೆ ಎಷ್ಟೋ ಸಲ ಗೆರೆಯಲ್ಲೇ ಕರಗಿಹೋಗಿರುತ್ತದೆ. ಟೆನ್ಷನ್ನಿನ ಓಟವೋ, ಹೃದಯದ ವೈರಿಂಗ್ ತಪ್ಪಿನ ಓಟವೋ ಎಂದು ಬೇರ್ಪಡಿಸಲು ವೈದ್ಯರು ಹುಡುಕುವುದೇ ಆ ಗುಬುಟನ್ನು.

ಗೆರೆ ಕೆಡುವುದು ಎಲ್ಲಿ

ಹೊಸದಾಗಿ ಕೊಂಡವರ ಮೊದಲ ವಾರದ ಗೆರೆಗಳು ಬಹುಪಾಲು ಓದಲಿಕ್ಕೆ ಬರುವುದಿಲ್ಲ. ಕಾರಣಗಳು ಬೆರಳೆಣಿಕೆಯವು.

ಒಣ ಬೆರಳು ಮೊದಲನೆಯದು. ಚಳಿಗಾಲದಲ್ಲಿ, ಏಸಿ ರೂಮಿನಲ್ಲಿ, ವಯಸ್ಸಾದವರ ಕೈಯಲ್ಲಿ ಚರ್ಮ ಒಣಗಿದ್ದರೆ ಗೆರೆ ಮೇಲೆ ಕೆಳಗೆ ತೇಲುತ್ತದೆ ಅಥವಾ ತುಂಡು ತುಂಡಾಗುತ್ತದೆ. ಬೆರಳ ತುದಿಗೆ ಒಂದು ಹನಿ ನೀರು ಸವರಿ, ಹೆಚ್ಚಾದದ್ದನ್ನು ಒರೆಸಿ ಇಡಿ. ಕೊಬ್ಬರಿ ಎಣ್ಣೆ, ಮಾಯಿಶ್ಚರೈಸರ್ ಹಚ್ಚಿದ ಕೈಯಾದರೆ ಮೊದಲು ತೊಳೆಯಿರಿ. ಎಣ್ಣೆ ವಿದ್ಯುತ್ತನ್ನು ತಡೆಯುತ್ತದೆ.

ಎರಡನೆಯದು ಸ್ನಾಯುವಿನ ನಡುಕ. ಗಾಬರಿಯಾದವರು ಪಟ್ಟಿಯನ್ನು ನಿಂಬೆಹಣ್ಣು ಹಿಂಡಿದ ಹಾಗೆ ಒತ್ತುತ್ತಾರೆ. ಆಗ ಮುಂಗೈಯ ಸ್ನಾಯುಗಳ ವಿದ್ಯುತ್ತೂ ಸೇರಿ ಗೆರೆ ಪೊದೆಯಂತೆ ಕಾಣುತ್ತದೆ. ಕುರ್ಚಿಗೆ ಬೆನ್ನು ಕೊಟ್ಟು ಕೂತು, ಮೊಣಕೈಗಳನ್ನು ತೊಡೆಯ ಮೇಲೋ ಟೇಬಲ್ ಮೇಲೋ ಊರಿ, ಹೆಬ್ಬೆರಳನ್ನು ಸುಮ್ಮನೆ ತಾಗಿಸಿದರೆ ಸಾಕು. ಮಾತು ಬೇಡ. ಪಕ್ಕದಲ್ಲಿ ನಿಂತವರು ‘ಏನ್ ಬಂತು, ಏನ್ ಬಂತು’ ಎಂದು ಕೇಳುವುದೂ ಬೇಡ.

ಮೂರನೆಯದು ಕರೆಂಟಿನ ಗದ್ದಲ. ಗೆರೆ ಒಂದೇ ಸಮನಾಗಿ ದಪ್ಪಗೆ, ಬಾಚಣಿಗೆಯ ಹಲ್ಲಿನಂತೆ ಕಂಡರೆ ಅದು ಗೋಡೆಯ ಕರೆಂಟು. ಚಾರ್ಜಿಗೆ ಹಾಕಿದ ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ. ಚಾರ್ಜಿನಲ್ಲಿರುವ ಲ್ಯಾಪ್‌ಟಾಪಿನಿಂದಲೂ ದೂರ ಕೂರಿ. ಆ್ಯಪಿನ ಸೆಟ್ಟಿಂಗಿನಲ್ಲಿ ಮೇನ್ಸ್ ಫಿಲ್ಟರ್ ಎಂದು ಇದೆ. ಭಾರತದ ಕರೆಂಟು 50 ಹರ್ಟ್ಸ್, ಅಮೆರಿಕದ್ದು 60. ಅಮೆರಿಕದಲ್ಲಿರುವ ಮಗ ಅಥವಾ ಮಗಳು ಅಲ್ಲೇ ಕೊಂಡು, ಅಲ್ಲೇ ಸೆಟ್ ಮಾಡಿ ಊರಿಗೆ ತಂದುಕೊಟ್ಟ ಪಟ್ಟಿ 60ಕ್ಕೇ ನಿಂತಿರಬಹುದು. ಒಂದೇ ಸಲ ಬದಲಿಸಿದರೆ ಮುಗಿಯಿತು.

ನಾಲ್ಕನೆಯದು ಎಡ ಬಲ ಅದಲು ಬದಲು. ಪಟ್ಟಿ ತಿರುಗಿ ಹಿಡಿದರೆ ಮೊದಲನೇ ಲೀಡಿನಲ್ಲಿ ಎಲ್ಲ ತಲೆಕೆಳಗು: ಮೇಲೆ ಏಳಬೇಕಾದ ಚೂಪು ಕೆಳಗೆ ಇಳಿಯುತ್ತದೆ. ಬಡಿತದ ಲಯ ತಿಳಿಯಲು ಇದರಿಂದ ತೊಂದರೆಯಿಲ್ಲ, ಆದರೆ ಹಳೆಯ ಗೆರೆಯ ಜೊತೆ ಹೋಲಿಸಿದ ವೈದ್ಯರು ಒಂದು ಕ್ಷಣ ಬೆಚ್ಚುತ್ತಾರೆ. ಎಡ ತುದಿಗೆ ನೇಲ್ ಪಾಲಿಶ್‌ನ ಒಂದು ಚುಕ್ಕೆ ಇಟ್ಟುಕೊಳ್ಳಿ, ತಗಡಿಗೆ ತಾಗದಂತೆ. ಕಾಲಿಗೆ ತಾಗಿಸುವಾಗ ಪಂಚೆ, ಲೆಗ್ಗಿಂಗ್ಸ್, ಸಾಕ್ಸ್ ಮೇಲೆ ಇಟ್ಟರೆ ಮೂರನೆಯ ತಗಡಿಗೆ ಏನೂ ಸಿಗುವುದಿಲ್ಲ. ಬಲಗಾಲಿಗೆ ಇಡುವವರೂ ಬಹಳ, ಎಡಗಾಲೇ ಬೇಕು.

ಬ್ಯಾಟರಿಯದೊಂದು ಸಣ್ಣ ಪೀಕಲಾಟ. ಬೇಕಾಗಿರುವುದು ಸಿಆರ್2016 ಬಟನ್ ಸೆಲ್. ಅಂಗಡಿಯವರು ‘ಎಲ್ಲ ಒಂದೇ’ ಎಂದು ಸಿಆರ್2032 ಕೊಟ್ಟುಬಿಡುತ್ತಾರೆ. 20 ಎಂದರೆ ಅಗಲ 20 ಮಿ.ಮೀ., 16 ಎಂದರೆ ದಪ್ಪ 1.6 ಮಿ.ಮೀ., 32 ಎಂದರೆ 3.2 ಮಿ.ಮೀ. ದಪ್ಪ ಎರಡರಷ್ಟು, ಕೂರುವುದಿಲ್ಲ. ಒತ್ತಿ ಕೂರಿಸಲು ಹೋದರೆ ಮುಚ್ಚಳ ಮುರಿಯುತ್ತದೆ. ಮನೆಯಲ್ಲಿ ಮಗುವಿದ್ದರೆ ಹಳೆಯ ಸೆಲ್ಲನ್ನು ಟೇಬಲ್ ಮೇಲೆ ಬಿಡಬೇಡಿ. ನುಂಗಿದ ಬಟನ್ ಸೆಲ್ ಕೆಲವೇ ಗಂಟೆಯಲ್ಲಿ ಅನ್ನನಾಳವನ್ನು ಸುಡುತ್ತದೆ.

ಗೆರೆಯನ್ನು ಓದುವುದು

ಆ್ಯಪು ಹೇಳುವ ತೀರ್ಪುಗಳು ನಾಲ್ಕೈದು: ನಾರ್ಮಲ್, ನಿಧಾನ, ವೇಗ, ಏಟ್ರಿಯಲ್ ಫಿಬ್ರಿಲೇಶನ್ (ಮೇಲ್ಕೋಣೆ ತಾಳತಪ್ಪಿ ಅದುರುವುದು) ಇರಬಹುದು, ಮತ್ತು ‘ಅನ್‌ಕ್ಲಾಸಿಫೈಡ್’. ತೀರ್ಪಿಗಿಂತ ಗೆರೆ ಮುಖ್ಯ. ಗೆರೆಯನ್ನು ಪಿಡಿಎಫ್ ಮಾಡಿದರೆ ಆಸ್ಪತ್ರೆಯ ಕಾಗದದ ಅಳತೆಯಲ್ಲೇ ಬರುತ್ತದೆ: ಸೆಕೆಂಡಿಗೆ 25 ಮಿ.ಮೀ. ಒಂದು ಸಣ್ಣ ಚೌಕ 0.04 ಸೆಕೆಂಡು, ಐದು ಸಣ್ಣ ಚೌಕದ ಒಂದು ದೊಡ್ಡ ಚೌಕ 0.2 ಸೆಕೆಂಡು. ಪೂರಾ 30 ಸೆಕೆಂಡಿನಲ್ಲಿ ಎಷ್ಟು ಚೂಪು ಇದೆ ಎಂದು ಎಣಿಸಿ ಎರಡರಿಂದ ಗುಣಿಸಿದರೆ ನಿಮಿಷದ ಬಡಿತ.

ಟೆನ್ಷನ್ನಿನಿಂದ ಎದೆ ಹೊಡೆದುಕೊಳ್ಳುವವರ ಗೆರೆಯಲ್ಲಿ ಮುಖ್ಯವಾಗಿ ಸಿಗುವುದು ನಾಲ್ಕು ಬಗೆ.

ಮೊದಲನೆಯದು ಸಾದಾ ಓಟ, ವೈದ್ಯರ ಮಾತಿನಲ್ಲಿ ಸೈನಸ್ ಟ್ಯಾಕಿಕಾರ್ಡಿಯ. ಪ್ರತಿ ಚೂಪಿನ ಮುಂದೆಯೂ ಒಂದು ಪಿ ಗುಬುಟು ಅಚ್ಚುಕಟ್ಟಾಗಿ ಇರುತ್ತದೆ, ಬಡಿತ 100ರ ಮೇಲೆ. ಇದು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಅಡ್ರಿನಲಿನ್ ರಕ್ತಕ್ಕೆ ಬಂದಾಗ ಹೃದಯ ಮಾಡಬೇಕಾದ ಕೆಲಸವೇ ಇದು. ಆದರೆ ‘ಟೆನ್ಷನ್’ ಎಂದು ಕೈತೊಳೆದುಕೊಳ್ಳುವ ಮುನ್ನ ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ರಕ್ತದ ಪೊಟ್ಯಾಸಿಯಂ ಒಮ್ಮೆ ನೋಡಿಸಿರಬೇಕು. ರಕ್ತಹೀನತೆಯೂ ಏರಿದ ಥೈರಾಯ್ಡೂ ಥೇಟ್ ಟೆನ್ಷನ್ನಿನ ವೇಷದಲ್ಲೇ ಬರುತ್ತವೆ.

ಎರಡನೆಯದು ಎಕ್ಸ್‌ಟ್ರಾ ಬೀಟು. ‘ಹಾರ್ಟು ಒಂದು ಬೀಟ್ ತಪ್ಪಿಸಿ ಧಡ್ ಅಂತ ಹೊಡೀತು’ ಎಂದು ಜನ ಹೇಳುವುದು ಇದನ್ನೇ. ಗೆರೆಯಲ್ಲಿ ಸಾಲಾಗಿ ಬರುತ್ತಿದ್ದ ತೆಳ್ಳನೆ ಚೂಪುಗಳ ನಡುವೆ ಒಂದು ಬೇಗ ಬಂದುಬಿಡುತ್ತದೆ. ಅದು ಕೆಳಕೋಣೆಯಿಂದ ಹುಟ್ಟಿದ್ದಾದರೆ ಅಗಲವಾಗಿ, ವಿಕಾರವಾಗಿ, ಮುಂದೆ ಪಿ ಇಲ್ಲದೆ ಇರುತ್ತದೆ. ಅದರ ಹಿಂದೆ ಒಂದು ಖಾಲಿ ಜಾಗ. ಬೇಗ ಬಂದ ಬಡಿತದಲ್ಲಿ ಹೃದಯ ಇನ್ನೂ ತುಂಬಿರುವುದಿಲ್ಲ, ನಾಡಿಗೆ ಅದು ತಲುಪುವುದೇ ಇಲ್ಲ. ಅದಕ್ಕೇ ತಪ್ಪಿದ ಹಾಗೆ ಅನಿಸುವುದು. ಖಾಲಿ ಜಾಗದಲ್ಲಿ ಹೃದಯ ಮಾಮೂಲಿಗಿಂತ ಹೆಚ್ಚು ತುಂಬಿಕೊಳ್ಳುತ್ತದೆ, ಮುಂದಿನ ಬಡಿತ ಎದೆಗೆ ಗುದ್ದಿದಂತೆ ಬರುತ್ತದೆ. ಎಕೋ (ಹೃದಯದ ಸ್ಕ್ಯಾನ್) ನಾರ್ಮಲ್ ಇದ್ದವರಲ್ಲಿ ಅಲ್ಲೊಂದು ಇಲ್ಲೊಂದು ಬರುವ ಇಂಥವು ಸಾಮಾನ್ಯವಾಗಿ ನಿರುಪದ್ರವಿ. ಲೆಕ್ಕಕ್ಕೆ ಬರುವುದು ಇಡೀ ದಿನದ ಮೊತ್ತ. ದಿನಕ್ಕೆ ಸುಮಾರು ಒಂದು ಲಕ್ಷ ಬಡಿತದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಂಥವೇ ಇದ್ದರೆ ಹೃದಯದ ಸ್ನಾಯು ಸೋಲಬಹುದು. ಆ ಮೊತ್ತವನ್ನು ಕಾರ್ಡಿಯಾ ಹೇಳಲಾರದು, ಹೋಲ್ಟರೇ ಬೇಕು.

ಮೂರನೆಯದು ಎಸ್‌ವಿಟಿ. ಲೈಟಿನ ಸ್ವಿಚ್ ಹಾಕಿದಂತೆ ಥಟ್ಟನೆ ಶುರು, ಥಟ್ಟನೆ ಬಂದ್. ಬಡಿತ ಬಹುತೇಕ 150ರಿಂದ 220ರ ನಡುವೆ. ಗೆರೆ ನೋಡಿದರೆ ಹೊಲಿಗೆ ಮಿಷನ್ನಿನ ಹೊಲಿಗೆ: ತೆಳ್ಳನೆ ಚೂಪುಗಳು ಒಂದೇ ಅಂತರದಲ್ಲಿ, ನಡುವೆ ಪಿ ಕಾಣುವುದಿಲ್ಲ. ಇದು ಟೆನ್ಷನ್ನಿನ ಹೊತ್ತಲ್ಲಿ ಬರಬಹುದು, ಆದರೆ ಮೂಲ ಕಾರಣ ಹೃದಯದೊಳಗಿನ ಒಂದು ಹೆಚ್ಚುವರಿ ವಿದ್ಯುತ್ ದಾರಿ. ವರ್ಷಗಟ್ಟಲೆ ‘ಪ್ಯಾನಿಕ್ ಅಟ್ಯಾಕ್’ ಎಂಬ ಹಣೆಪಟ್ಟಿ ಹೊತ್ತು ತಿರುಗುವವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ನಿಜಕ್ಕೂ ಇರುವುದು ಇದಾಗಿರಬಹುದು. ಅಬ್ಲೇಶನ್ ಎಂಬ ಚಿಕಿತ್ಸೆಯಿಂದ ಬಹುಪಾಲು ಜನಕ್ಕೆ ಶಾಶ್ವತವಾಗಿ ವಾಸಿಯಾಗುವ ಕಾಯಿಲೆ. ಈ ಒಂದು ಗೆರೆ ಹಿಡಿದುಕೊಟ್ಟರೆ ಪಟ್ಟಿಗೆ ಕೊಟ್ಟ ದುಡ್ಡು ವಸೂಲಾಯಿತು ಎಂದೇ ಲೆಕ್ಕ.

ಇಲ್ಲೇ ಆ್ಯಪಿನ ದೊಡ್ಡ ಎಡವಟ್ಟು ಇರುವುದು. ನಿಮಿಷಕ್ಕೆ 140 ದಾಟಿದ ಬಡಿತವನ್ನು ಅದು ವರ್ಗೀಕರಿಸುವುದಿಲ್ಲ. ‘ಅನ್‌ಕ್ಲಾಸಿಫೈಡ್’ ಎಂದು ಬರೆದು ಸುಮ್ಮನಾಗುತ್ತದೆ. 180ರಲ್ಲಿ ಓಡುತ್ತಿರುವ ಎಸ್‌ವಿಟಿಯೂ ಅದೇ ಬುಟ್ಟಿಗೆ ಬೀಳುತ್ತದೆ. ಬಳಸುವವರು ‘ಸರಿಯಾಗಿ ಬರಲಿಲ್ಲ’ ಎಂದುಕೊಂಡು ಅಳಿಸಿ, ಮತ್ತೊಮ್ಮೆ ತೆಗೆಯುತ್ತಾರೆ. ಅಷ್ಟರಲ್ಲಿ ಓಟ ನಿಂತು ಹೊಸದು ನಾರ್ಮಲ್ ಬರುತ್ತದೆ. ವೈದ್ಯರಿಗೆ ಆ ನಾರ್ಮಲ್ ಮಾತ್ರ ಹೋಗುತ್ತದೆ. ಹಾಗಾಗಿ ಅನ್‌ಕ್ಲಾಸಿಫೈಡ್ ಎಂದು ಬಂದದ್ದನ್ನು ಎಂದೂ ಅಳಿಸಬೇಡಿ. ಹುಡುಕುತ್ತಿರುವ ಗೆರೆ ಅದೇ ಆಗಿರಬಹುದು.

ನಾಲ್ಕನೆಯದು ಏಟ್ರಿಯಲ್ ಫಿಬ್ರಿಲೇಶನ್. ಚೂಪುಗಳ ನಡುವಿನ ಅಂತರಕ್ಕೆ ತಾಳವೇ ಇರುವುದಿಲ್ಲ, ತಳದ ಗೆರೆ ನೀರಿನ ಮೇಲಿನ ಅಲೆಯಂತೆ ನಡುಗುತ್ತದೆ. ಇದರಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ, ರಕ್ತ ತೆಳುಮಾಡುವ ಮಾತ್ರೆ ಬೇಕೇ ಎಂಬ ಪ್ರಶ್ನೆ ಏಳುತ್ತದೆ. ವೈದ್ಯರು ಕಣ್ಣಾರೆ ನೋಡಿ ಒಪ್ಪಿದ 30 ಸೆಕೆಂಡಿನ ಗೆರೆ ಇದರ ರೋಗನಿರ್ಣಯಕ್ಕೆ ಸಾಕು. ಆ್ಯಪಿನ ತೀರ್ಪು ಮಾತ್ರ ಸಾಲದು, ಪದೇ ಪದೇ ಬರುವ ಎಕ್ಸ್‌ಟ್ರಾ ಬೀಟನ್ನೂ ಅದು ಹೀಗೆ ಕರೆದುಬಿಡುವುದುಂಟು.

ದೀರ್ಘ ಉಸಿರಾಟ ಮಾಡುತ್ತಾ ಗೆರೆ ತೆಗೆಯಬೇಡಿ. ಉಸಿರು ಎಳೆದಾಗ ಬಡಿತ ತುಸು ಚುರುಕಾಗುವುದು, ಬಿಟ್ಟಾಗ ನಿಧಾನವಾಗುವುದು ಆರೋಗ್ಯವಂತರ ಲಕ್ಷಣ. ಆ್ಯಪಿಗೆ ಅದು ಲಯ ತಪ್ಪಿದಂತೆ ಕಾಣಬಹುದು.

ಗೆರೆ ಕಳಿಸುವಾಗ ಸ್ಕ್ರೀನ್‌ಶಾಟ್ ಬೇಡ. ವಾಟ್ಸಾಪಿನಲ್ಲಿ ಚಿತ್ರ ಕುಗ್ಗಿ ಚೌಕಗಳು ಅಳಿಸಿಹೋಗುತ್ತವೆ, ಅಳತೆ ಸಿಗುವುದಿಲ್ಲ. ಪಿಡಿಎಫನ್ನೇ ಡಾಕ್ಯುಮೆಂಟಾಗಿ ಕಳಿಸಿ. ಜೊತೆಗೆ ಮೂರು ಸಾಲು: ಎಷ್ಟು ಗಂಟೆಗೆ ಶುರುವಾಯಿತು, ಥಟ್ಟನೆಯೋ ಮೆಲ್ಲಗೋ, ಆಗ ಏನು ಮಾಡುತ್ತಿದ್ದಿರಿ.

ಈ ಪಟ್ಟಿ ಮಾಡದ ಕೆಲಸ

ಎದೆನೋವಿಗೆ ಇದು ಅಲ್ಲ. ಕಂಪನಿಯೇ ಹೇಳುವಂತೆ ಇದು ಹಾರ್ಟ್ ಅಟ್ಯಾಕ್ ಪತ್ತೆ ಮಾಡುವುದಿಲ್ಲ. ಎದೆಯ ಮೇಲಿನ ಆರು ಲೀಡ್ ಇಲ್ಲವಲ್ಲ, ಹೃದಯದ ಮುಂಗೋಡೆಯಲ್ಲಿ ರಕ್ತ ನಿಂತುಹೋದರೂ ಇಲ್ಲಿ ನಾರ್ಮಲ್ ಎಂದು ಬರಬಹುದು. ಎದೆ ಮೇಲೆ ಕಲ್ಲಿಟ್ಟಂತೆ ಭಾರ, ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವ ನೋವು, ತಣ್ಣನೆ ಬೆವರು, ಮೇಲುಸಿರು, ಕಣ್ಣು ಕತ್ತಲೆ ಇಷ್ಟರಲ್ಲಿ ಯಾವುದಿದ್ದರೂ ಪಟ್ಟಿ ಹುಡುಕುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಹನ್ನೆರಡು ಲೀಡಿನ ಇಸಿಜಿ ತೆಗೆದು, ದೊಡ್ಡ ಕೇಂದ್ರದ ತಜ್ಞರು ಓದಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಜಯದೇವಕ್ಕೇ ಹೋಗಬೇಕೆಂದು ನೂರು ಕಿಲೋಮೀಟರ್ ಕಾರು ಓಡಿಸುವುದಕ್ಕಿಂತ ಹತ್ತಿರದ ಆ ಆಸ್ಪತ್ರೆಯಲ್ಲಿ ಮೊದಲ ಇಸಿಜಿ ಆಗುವುದು ಮೇಲು.

ಟೆನ್ಷನ್ನಿನಿಂದಲೇ ಆಗುವ ಇನ್ನೊಂದು ಹೃದಯದ ಕಾಯಿಲೆ ಟಾಕೊಟ್ಸುಬೊ. 1990ರ ಹೊತ್ತಿಗೆ ಜಪಾನಿನ ವೈದ್ಯರು ಗುರುತಿಸಿ, ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರಿಟ್ಟರು; ಹೃದಯದ ಎಡ ಕೆಳಕೋಣೆ ಉಬ್ಬಿ ಆ ಮಡಕೆಯ ಆಕಾರ ತಾಳುತ್ತದೆ. ಸಾವಿನ ಸುದ್ದಿ, ದೊಡ್ಡ ಜಗಳ, ಅಪಘಾತ ಇಂಥ ಆಘಾತದ ಬೆನ್ನಿಗೆ ಬರುತ್ತದೆ, ಮುಟ್ಟು ನಿಂತ ಹೆಂಗಸರಲ್ಲೇ ಹೆಚ್ಚು. ಲಕ್ಷಣ ಥೇಟ್ ಹಾರ್ಟ್ ಅಟ್ಯಾಕ್. ಬಹುತೇಕರ ಹೃದಯ ಕೆಲವು ವಾರದಲ್ಲಿ ಮೊದಲಿನಂತಾಗುತ್ತದೆ, ಕೆಲವರಿಗೆ ಮತ್ತೆ ಬರುವುದೂ ಇದೆ. ಒಮ್ಮೆ ಆದವರು ‘ಹೋದ ಸಲದ್ದೇ ಇರಬೇಕು’ ಎಂದು ಮನೆಯಲ್ಲಿ ಪಟ್ಟಿಗೆ ಬೆರಳಿಟ್ಟು ಕೂರಬಾರದು. ಟ್ರೋಪೋನಿನ್ ರಕ್ತಪರೀಕ್ಷೆ, ಎಕೋ, ಆಂಜಿಯೋಗ್ರಾಂ ಇಲ್ಲದೆ ಅದನ್ನೂ ನಿಜವಾದ ಅಟ್ಯಾಕನ್ನೂ ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ.

ಪ್ರಜ್ಞೆ ತಪ್ಪಿ ಬೀಳುವವರಿಗೂ ಇದು ಉಪಯೋಗಕ್ಕಿಲ್ಲ. ಬಿದ್ದವರು ಬೆರಳಿಡುವುದು ಹೇಗೆ? ಅವರಿಗೆ ಹೋಲ್ಟರ್, ಅದರಲ್ಲೂ ಸಿಗದಿದ್ದರೆ ಚರ್ಮದಡಿ ಇಡುವ ಲೂಪ್ ರೆಕಾರ್ಡರ್. ಪೇಸ್‌ಮೇಕರ್, ಐಸಿಡಿ (ಬಡಿತ ಕೆಟ್ಟಾಗ ಶಾಕ್ ಕೊಡಲು ಎದೆಯೊಳಗೆ ಇಡುವ ಸಾಧನ) ಹಾಕಿಸಿಕೊಂಡವರು ಕಾರ್ಡಿಯಾ ಬಳಸಬಾರದೆಂದು ಕಂಪನಿಯ ಸೂಚನೆಯಿದೆ.

ಪಕ್ಕದ ಸರಕುಗಳು

ಸ್ಮಾರ್ಟ್ ವಾಚು ಕೊಳ್ಳುವ ಮುನ್ನ ಒಂದೇ ಪರೀಕ್ಷೆ: ಇಸಿಜಿ ತೆಗೆಯುವಾಗ ಇನ್ನೊಂದು ಕೈಯ ಬೆರಳನ್ನು ಲೋಹದ ಭಾಗಕ್ಕೆ ತಾಗಿಸಲು ಹೇಳುತ್ತದೆಯೇ? ಆಪಲ್ ವಾಚಿನಲ್ಲಿ ಸೀರೀಸ್ 4ರಿಂದ ಪಕ್ಕದ ತಿರುಗಣಿಗೆ ಬೆರಳಿಡಬೇಕು. ಹೃದಯದ ವಿದ್ಯುತ್ ಅಳೆಯಲು ಎರಡು ಕಡೆಯ ಚರ್ಮ ಬೇಕೇ ಬೇಕು. ಒಂದೇ ಕೈಗೆ ಕಟ್ಟಿಕೊಂಡು ಸುಮ್ಮನಿದ್ದರೆ ‘ಇಸಿಜಿ’ ತೋರಿಸುತ್ತೇನೆ ಎನ್ನುವ ಎರಡು ಮೂರು ಸಾವಿರದ ವಾಚು ಹಸಿರು ಬೆಳಕಿನಿಂದ ರಕ್ತದ ಏರಿಳಿತ ನೋಡಿ ಅಂದಾಜಿನ ಚಿತ್ರ ಬರೆಯುತ್ತಿದೆ, ಅಷ್ಟೆ. ಆ ಹಸಿರು ಬೆಳಕು ನಡೆಯುವಾಗ ಹೆಜ್ಜೆಯ ಲಯವನ್ನೇ ಹೃದಯದ ಬಡಿತ ಎಂದು ಎಣಿಸುವುದೂ ಉಂಟು. ವಾಚಿನಲ್ಲಿ ‘160’ ಕಂಡು ಹೆದರುವ ಮುನ್ನ ಮಣಿಕಟ್ಟಿನ ನಾಡಿಯನ್ನು 30 ಸೆಕೆಂಡು ಎಣಿಸಿ.

ನಿಜವಾದ ಇಸಿಜಿ ಇರುವ ವಾಚು ಈಗಾಗಲೇ ಕೈಯಲ್ಲಿದ್ದರೆ ಕಾರ್ಡಿಯಾ ಬೇರೆ ಕೊಳ್ಳುವ ಅವಸರ ಬೇಡ. ಒಂದು ಲೀಡಾದರೂ ಮೊದಲ ಗೆರೆ ಸಿಗಲಿ.

ಬಿ.ಪಿ. ಮಿಷನ್ ಮಾತ್ರ ಹೇಗೂ ಬೇಕು. ಓಮ್ರಾನ್ ಎಚ್‌ಇಎಂ-7120ರಂಥ ತೋಳಿನ ಮಿಷನ್ ಸಾಕು, ಮಣಿಕಟ್ಟಿನದು ಬೇಡ. ಕೊಳ್ಳುವಾಗ ತೋಳಿಗೆ ಸುತ್ತುವ ಪಟ್ಟಿಯ ಅಳತೆ ನೋಡಿ: ಅದರ ಜೊತೆ ಬರುವುದು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ತೋಳು ಅದಕ್ಕಿಂತ ದಪ್ಪವಿದ್ದರೆ ಬಿ.ಪಿ. ಸುಳ್ಳೇ ಹೆಚ್ಚು ತೋರಿಸುತ್ತದೆ. ಬಡಿತ ಏರುಪೇರಾದರೆ ಒಂದು ಹೃದಯದ ಚಿಹ್ನೆ ಹೊತ್ತಿಕೊಳ್ಳುತ್ತದೆ. ಅಳೆಯುವಾಗ ಮಾತಾಡಿದರೂ ಕೈ ಆಡಿಸಿದರೂ ಅದು ಹೊತ್ತಬಹುದು. ಬಾರಿ ಬಾರಿ ಹೊತ್ತಿದರೆ ಇಸಿಜಿ ಮಾಡಿಸಿ ಎಂದಷ್ಟೇ ಅದರ ಅರ್ಥ. ಅಳತೆಗೆ ಐದು ನಿಮಿಷ ಬೆನ್ನೊರಗಿ ಕೂತು, ಪಾದ ನೆಲಕ್ಕೆ ಊರಿ, ಕಾಫಿ ಕುಡಿದು ಅರ್ಧ ಗಂಟೆ ಕಳೆದಿರಲಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ 135/85 ಮುಟ್ಟಿದರೆ ವೈದ್ಯರಿಗೆ ತೋರಿಸಿ. ಜಗಳವಾಡಿದ ಕೂಡಲೇ ಅಳೆದು ಬರೆದ ಸಂಖ್ಯೆಗೆ ಬೆಲೆಯಿಲ್ಲ.

ದಿನವೂ ಹೊಡೆತ ಬರುವವರಿಗೆ ಪಟ್ಟಿಗಿಂತ ಹೋಲ್ಟರ್ ಒಳ್ಳೆಯದು. 24 ಗಂಟೆ ಕಟ್ಟಿಕೊಂಡು ಬಂದರೆ ಲಕ್ಷ ಬಡಿತದ ಪೂರಾ ಲೆಕ್ಕ ಸಿಗುತ್ತದೆ. ಹಾಕಿಸಲು ಹೋಗುವ ಮುನ್ನ ಸ್ನಾನ ಮಾಡಿ ಹೋಗಿ, ಮರುದಿನದ ತನಕ ಸ್ನಾನವಿಲ್ಲ. ಮುಂದೆ ಗುಂಡಿ ಇರುವ ಶರ್ಟು, ಎದೆಗೆ ಎಣ್ಣೆ ಪೌಡರ್ ಬೇಡ. ಎಷ್ಟೋ ಹೋಲ್ಟರು ದಂಡವಾಗುವುದು ಬೇರೆ ಕಾರಣಕ್ಕೆ: ಕಟ್ಟಿಕೊಂಡ ದಿನ ರಜೆ ಹಾಕಿ ಮಲಗಿಬಿಡುತ್ತಾರೆ. ಟೆನ್ಷನ್ ಕೊಡುವ ಕೆಲಸಕ್ಕೆ ಹೋಗಿ, ಮೆಟ್ಟಿಲು ಹತ್ತಿ, ಕಾಫಿ ಕುಡಿಯಿರಿ. ಹೊಡೆತ ಬಂದ ಗಂಟೆ ನಿಮಿಷವನ್ನು ಕೊಟ್ಟ ಚೀಟಿಯಲ್ಲಿ ಬರೆಯಿರಿ, ಗುಂಡಿ ಇದ್ದರೆ ಒತ್ತಿ. ಖಾಲಿ ಚೀಟಿ ಮರಳಿಸಿದರೆ ಓದುವವರಿಗೆ ನಿಮ್ಮ ತೊಂದರೆ ಯಾವುದೆಂದು ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಬರುವವರಿಗೆ ಹೋಲ್ಟರಿನಲ್ಲಿ ಏನೂ ಸಿಗುವುದಿಲ್ಲ. ಕಾರ್ಡಿಯಾ ಹುಟ್ಟಿದ್ದೇ ಅವರಿಗಾಗಿ.

ಯಾವ ಸರಕು ಕೊಂಡರೂ ಒಮ್ಮೆಯಾದರೂ ಹನ್ನೆರಡು ಲೀಡಿನ ಇಸಿಜಿ, ಎಕೋ ಆಗಿರಲಿ. ಕೆಲವರಲ್ಲಿ ಹೆಚ್ಚುವರಿ ದಾರಿಯ ಗುರುತು ಹೊಡೆತ ಇಲ್ಲದ ಹೊತ್ತಿನ ಇಸಿಜಿಯಲ್ಲೇ ಕಾಣುತ್ತದೆ.

ಟೆನ್ಷನ್ನಿಗೆ ಇದು ಮದ್ದೋ, ಹೊಸ ಟೆನ್ಷನ್ನೋ

ಇಲ್ಲಿ ನಮ್ಮ ತಕರಾರು ಪಟ್ಟಿಯ ಮೇಲಲ್ಲ, ಅದನ್ನು ಬಳಸುವ ರೀತಿಯ ಮೇಲೆ. 2025ರ ಜೂನ್ ಜುಲೈನಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಟಿ.ವಿ.ಯಲ್ಲಿ ಸುತ್ತಿ ಸುತ್ತಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವದ ಮುಂದೆ ಜನ ಬೆಳಿಗ್ಗೆಯೇ ಸಾಲುಗಟ್ಟಿದ್ದರು. ಅಂಥ ಹೆದರಿಕೆಯಲ್ಲಿ ಕೊಂಡ ಪಟ್ಟಿ ದಿನಕ್ಕೆ ಇಪ್ಪತ್ತು ಸಲ ಕೈಗೆ ಬರುತ್ತದೆ. ನಾರ್ಮಲ್ ಎಂದರೆ ಹತ್ತು ನಿಮಿಷದ ಸಮಾಧಾನ, ಅನ್‌ಕ್ಲಾಸಿಫೈಡ್ ಎಂದರೆ ರಾತ್ರಿಯ ನಿದ್ದೆ ಹೋಯಿತು. ಹೆದರಿಕೆಗೆ ಅಡ್ರಿನಲಿನ್, ಅಡ್ರಿನಲಿನ್ನಿಗೆ ಇನ್ನಷ್ಟು ಎಕ್ಸ್‌ಟ್ರಾ ಬೀಟು, ಅದನ್ನು ನೋಡಿ ಮತ್ತಷ್ಟು ಹೆದರಿಕೆ.

ಹಾಗಾಗಿ ಕೊಂಡ ದಿನವೇ ಕಟ್ಟುಪಾಡು ಹಾಕಿಕೊಳ್ಳಿ. ಮೊದಲ ಮೂರು ದಿನ ಏನೂ ತೊಂದರೆ ಇಲ್ಲದಾಗ ದಿನಕ್ಕೊಂದು ಗೆರೆ, ಹಿಡಿಯುವುದನ್ನು ಕಲಿಯಲು ಮತ್ತು ಹೋಲಿಕೆಗೆ. ಆಮೇಲೆ ಹೊಡೆತ ಬಂದಾಗ ಮಾತ್ರ: ಶುರುವಿನಲ್ಲಿ ಒಂದು, ನಿಂತ ಮೇಲೆ ಒಂದು, ಒಟ್ಟು ಎರಡು. ಮೂರನೆಯದು ಬೇಡ. ಪಟ್ಟಿಯನ್ನು ದಿಂಬಿನಡಿ ಇಡಬೇಡಿ, ಎದ್ದು ಹೋಗಿ ತರಬೇಕಾದ ಜಾಗದಲ್ಲಿಡಿ. ಐದಾರು ಹೊಡೆತದ ಗೆರೆಗಳನ್ನು ವೈದ್ಯರು ನೋಡಿ ‘ಸಾದಾ ಓಟ’ ಎಂದು ಹೇಳಿಯಾದ ಮೇಲೂ ಕೈ ಪಟ್ಟಿಗೆ ಹೋಗುತ್ತಿದ್ದರೆ ಅದನ್ನು ಮಾರಿಬಿಡುವುದು ಒಳ್ಳೆಯದು. ಆಗ ಬೇಕಾದ ಚಿಕಿತ್ಸೆ ಆತಂಕಕ್ಕೆ. ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹೊಡೆತದ ಹಿಂದಿನ 24 ಗಂಟೆಯನ್ನು ಗೆರೆಯ ಜೊತೆ ಬರೆದಿಟ್ಟರೆ ಎರಡು ತಿಂಗಳಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ನಿದ್ದೆಗೆಟ್ಟ ರಾತ್ರಿ, ನೆಗಡಿಯ ಮಾತ್ರೆ (ಫಿನೈಲೆಫ್ರಿನ್ ಇರುವವು), ಆಸ್ತಮಾದ ಸಾಲ್ಬ್ಯುಟಮಾಲ್, ಡೆರಿಫಿಲಿನ್, ಎನರ್ಜಿ ಡ್ರಿಂಕು, ಗುಟ್ಕಾ, ಎಲೆಯಡಿಕೆ ಜೊತೆಗಿನ ಹೊಗೆಸೊಪ್ಪು, ಹಿಂದಿನ ರಾತ್ರಿಯ ಮದ್ಯ, ಭೇದಿಯಾಗಿ ಪೊಟ್ಯಾಸಿಯಂ ಇಳಿದದ್ದು. ಟೆನ್ಷನ್ ಒಂದೇ ಸಾಲದೆ ಇವುಗಳಲ್ಲೊಂದು ಜೊತೆಗೂಡಿದಾಗಲೇ ಬಹಳ ಸಲ ಹೊಡೆತ ಏಳುವುದು. ಬೆಳಗಿನ ಒಂದು ಲೋಟ ಫಿಲ್ಟರ್ ಕಾಫಿಯನ್ನು ವಿನಾಕಾರಣ ಬಿಡಿಸುವುದು ಬೇಡ, ಬರೆದಿಟ್ಟದ್ದರಲ್ಲಿ ಅದರ ಹೆಸರು ಬಂದರೆ ನೋಡೋಣ.

ಸಾದಾ ಓಟ ಎಂದು ಖಚಿತವಾದವರಿಗೆ ಕೆಲಸ ಮಾಡುವುದು ನಿಧಾನದ ಉಸಿರು: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ನಿಮಿಷಕ್ಕೆ ಆರು ಉಸಿರು, ಐದರಿಂದ ಹತ್ತು ನಿಮಿಷ. ಉಸಿರನ್ನು ಬಲವಂತವಾಗಿ ಆಳಕ್ಕೆ ಎಳೆದರೆ ತಲೆ ತಿರುಗಿ ಬೆರಳು ಜುಮ್ಮೆನ್ನುತ್ತದೆ, ಅದು ಉಲ್ಟಾ ಹೊಡೆಯಿತು ಎಂದರ್ಥ.

ಎಸ್‌ವಿಟಿ ಎಂದು ಖಚಿತವಾದವರಿಗೆ ವೈದ್ಯರು ಕಲಿಸುವ ವಿಧಾನ ಬೇರೆ. ಒರಗಿ ಕೂತು, 10 ಮಿ.ಲೀ. ಸಿರಿಂಜಿನ ತುದಿಗೆ ಬಾಯಿಟ್ಟು, ಒಳಗಿನ ಕಡ್ಡಿ ಅಲುಗುವಷ್ಟು ಬಲದಲ್ಲಿ 15 ಸೆಕೆಂಡು ಊದಬೇಕು. ಊದಿದ ಕೂಡಲೇ ಚಪ್ಪಟೆಯಾಗಿ ಮಲಗಬೇಕು, ಮನೆಯವರೊಬ್ಬರು ಎರಡು ಕಾಲನ್ನೂ 45 ಡಿಗ್ರಿ ಎತ್ತಿ 15 ಸೆಕೆಂಡು ಹಿಡಿಯಬೇಕು. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ರಿವರ್ಟ್ ಅಧ್ಯಯನದಲ್ಲಿ ಹೀಗೆ ಕಾಲೆತ್ತಿದವರಲ್ಲಿ ನೂರಕ್ಕೆ 43 ಮಂದಿಯ ಓಟ ನಿಂತಿತು, ಸುಮ್ಮನೆ ಊದಿದವರಲ್ಲಿ 17. ಎಡವುವುದು ಮಲಗುವ ಹಂತದಲ್ಲಿ: ಊದಿ, ಸುಧಾರಿಸಿಕೊಂಡು, ಆಮೇಲೆ ಮಲಗುತ್ತಾರೆ. ನಡುವೆ ಬಿಡುವು ಇರಬಾರದು. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರು, ಕಣ್ಣಿನ ಒತ್ತಡ ಅಥವಾ ಅಕ್ಷಿಪಟಲದ ತೊಂದರೆ ಇರುವವರು ಕೇಳದೆ ಮಾಡಬಾರದು.

ಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆ (ಪ್ರೊಪ್ರನೊಲಾಲ್‌ನಂಥವು) ಬರೆದಿದ್ದರೆ ಗೆರೆ ನಾಲ್ಕು ದಿನ ಚೆನ್ನಾಗಿ ಬಂತೆಂದು ಥಟ್ಟನೆ ನಿಲ್ಲಿಸಬೇಡಿ, ಬಡಿತ ಮೊದಲಿಗಿಂತ ಜೋರಾಗಿ ಮರಳುತ್ತದೆ. ಆಸ್ತಮಾ ಇರುವವರು ಅದನ್ನು ಮೊದಲೇ ಹೇಳಿರಬೇಕು. ಪ್ರೊಪ್ರನೊಲಾಲ್ ಅವರಿಗೆ ಹೇಳಿದ್ದಲ್ಲ.

ಕೊಳ್ಳಬೇಕೇ

ಹೊಡೆತ ಅಪರೂಪಕ್ಕೆ ಬಂದು, ಐದು ನಿಮಿಷವಾದರೂ ಇದ್ದು, ಆಸ್ಪತ್ರೆ ಮುಟ್ಟುವುದರೊಳಗೆ ನಿಲ್ಲುವುದಾದರೆ 6ಎಲ್ ಕೊಳ್ಳಿ. ಅರ್ಧ ನಿಮಿಷದ ಧಡಕ್ಕುಗಳಷ್ಟೇ ಆದರೆ ಪಟ್ಟಿ ತರುವಷ್ಟರಲ್ಲಿ ಮುಗಿದಿರುತ್ತದೆ, ಹೋಲ್ಟರ್ ಮಾಡಿಸಿ. ಚಂದಾ ಕಟ್ಟಿದರೆ ಆ್ಯಪು ಎಕ್ಸ್‌ಟ್ರಾ ಬೀಟುಗಳನ್ನೂ ಹೆಸರಿಸುತ್ತದೆ. ಗೆರೆ ಓದುವ ವೈದ್ಯರು ಇರುವವರಿಗೆ ಅದರ ಅಗತ್ಯವಿಲ್ಲ. ಉಚಿತ ಆ್ಯಪಿನಲ್ಲೂ ಅದೇ ಗೆರೆ, ಅದೇ ಪಿಡಿಎಫ್. ಮನೆಮಂದಿಗೆಲ್ಲ ಒಂದೇ ಪಟ್ಟಿ ಸಾಕು, ಆದರೆ ಅಪ್ಪನ ಗೆರೆ ಮಗಳ ಖಾತೆಯಲ್ಲಿ ಅವಳ ಹೆಸರು, ಅವಳ ವಯಸ್ಸಿನಲ್ಲಿ ಸೇರಿಕೊಂಡು ವೈದ್ಯರ ಕೈಗೆ ಹೋಗದಂತೆ ಫೋನು ಫೋನಿಗೆ ಬೇರೆ ಖಾತೆ ಮಾಡಿ. ಮೊದಲ ಭೇಟಿಗೆ ಅಚ್ಚು ಹಾಕಿಸಿ ಒಯ್ಯಬೇಕಾದ್ದು ಎರಡೇ ಹಾಳೆ: ಹೊಡೆತದ ಗೆರೆ ಒಂದು, ಏನೂ ಇಲ್ಲದ ದಿನದ್ದು ಒಂದು.